ಬಾನೆಟ್ ಒಳಗೆ ಫಳಫಳ, ಸೆಲ್ಫ್ ಮಾತ್ರ ಸುಸ್ತು: ಹಳೇ ಪದ್ಮಿನಿಯಲ್ಲಿ ದೋಷ ಹುಡುಕುವುದು ಹೇಗೆ

ನಮ್ಮ ಮನೆಯ 1984ರ ಪ್ರೀಮಿಯರ್ ಪದ್ಮಿನಿ ಕೊಳಕಾಗಿದ್ದಷ್ಟು ದಿನ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಅಪ್ಪ ಓಡಿಸಿದ ಕಾರು. ತೀರ್ಥಹಳ್ಳಿಯ ಮಳೆಯಲ್ಲಿ ನಲವತ್ತು ವರ್ಷ ನೆನೆದು, ಬಾನೆಟ್ ಒಳಗೆ ಎಣ್ಣೆ, ಧೂಳು, ತುಕ್ಕು ಎಲ್ಲ ಸೇರಿ ಕರೀ ಹೆಪ್ಪು ಕಟ್ಟಿತ್ತು. ಎರಡು ತಿಂಗಳು ಕೂತು ಒಂದೊಂದೇ ಬಿಡಿಭಾಗ ಬಿಚ್ಚಿದೆ. ತೊಳೆದೆ, ಉಜ್ಜಿದೆ, ಪೇಂಟ್ ಮಾಡಿದೆ. ಆದಷ್ಟೂ ಹೊಸದು ಹಾಕದೆ ಫ್ಯಾಕ್ಟರಿಯಿಂದ ಬಂದದ್ದನ್ನೇ ಉಳಿಸಿಕೊಂಡೆ. ಎಲ್ಲ ಜೋಡಿಸಿ ಕೀ ತಿರುಗಿಸಿದರೆ ಸೆಲ್ಫ್ "ಉಂ... ಉಂ..." ಎಂದು ನರಳಿತು. ಬ್ಯಾಟರಿ ಹೊಸದು. ಮೂರನೇ ಸಲ ತಿರುಗಿಸುವಾಗ ಚೋಕ್ (ತಣ್ಣನೆಯ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಬಿಡುವ ಗುಂಡಿ) ಎಳೆಯಲು ಹೋದೆ. ಗುಂಡಿ ಕೈ ಸುಡುವಷ್ಟು ಬಿಸಿಯಾಗಿತ್ತು.

ಆ ದಿನದಿಂದ ಕಾರು ಸರಿಯಾಗಿ ಓಡುವವರೆಗೆ ಒಂದಲ್ಲ, ನಾಲ್ಕು ದೋಷ ಸಿಕ್ಕಿದವು. ನಾಲ್ಕೂ ಹಳೇ ಕಾರಿನ ದೋಷಗಳಲ್ಲ. ನಾನು ಶುಚಿ ಮಾಡುವಾಗ ಹುಟ್ಟಿದವು. ನಿಮ್ಮ ಕಾರೂ ತೊಳೆದ ಮೇಲೆ ಹಟ ಹಿಡಿದಿದ್ದರೆ, ಎಂಜಿನ್ ಬಿಚ್ಚುವ ಮೊದಲು, ಹೊಸ ಸೆಲ್ಫ್ ಮೋಟರ್ ತರುವ ಮೊದಲು, ಇದನ್ನು ಓದಿ.

ಮೊದಲ ಕೆಲಸ: ಒಂದು ಹಾಳೆ, ಒಂದು ಪೆನ್

ತೊಳೆಯುವ ಮುಂಚೆ ಕಾರು ಓಡುತ್ತಿತ್ತಾ? ಹೌದಾದರೆ ದೋಷ ನೀವು ಮುಟ್ಟಿದ ಜಾಗದಲ್ಲೇ ಇದೆ. ಇದನ್ನು ಗಟ್ಟಿಯಾಗಿ ನಂಬಿ. ಹಾಳೆಯ ಮೇಲೆ ಏನೇನು ಬಿಚ್ಚಿದಿರಿ, ಎಲ್ಲೆಲ್ಲಿ ನೀರು ಹೊಡೆದಿರಿ, ಎಲ್ಲಿ ಪೇಂಟ್ ಮಾಡಿದಿರಿ, ಯಾವ ವೈರ್ ಕಳಚಿದಿರಿ ಎಂದು ಬರೆಯಿರಿ. ಪಿಸ್ಟನ್, ವಾಲ್ವ್, ಟೈಮಿಂಗ್ ಚೈನ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅವುಗಳ ಚಿಂತೆ ಸದ್ಯಕ್ಕೆ ಬೇಡ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿದ್ದರೆ ಈಗ ಅದೇ ದೊಡ್ಡ ಆಸ್ತಿ. ನಾನು ಇನ್ನೂರಕ್ಕೂ ಜಾಸ್ತಿ ತೆಗೆದಿದ್ದೆ. ಆದರೂ ಒಂದು ಜಾಗ ಬಿಟ್ಟುಹೋಗಿತ್ತು. ಗೇರ್‌ಬಾಕ್ಸ್ ಪಕ್ಕದಲ್ಲಿ ಕಾರಿನ ಬಾಡಿಗೆ, ಅಂದರೆ ಅದರ ಲೋಹದ ಮೈಗೆ, ಸೇರುವ ಹೆಣೆದ ತಾಮ್ರದ ಪಟ್ಟಿ. ಕೊಳೆಯಲ್ಲಿ ಮುಚ್ಚಿಹೋಗಿ ಅದೊಂದು ಚಿಂದಿಯ ಹಾಗೆ ಕಾಣುತ್ತಿತ್ತು. ಅದೇ ಕಾರಿನ ಪ್ರಾಣವಾಗಿತ್ತು.

ಸೆಲ್ಫ್ ನಿಧಾನ, ಚೋಕ್ ಕೇಬಲ್ ಬಿಸಿ

ಈ ಎರಡೂ ಒಟ್ಟಿಗೆ ಕಂಡರೆ ಬೇರೆ ಏನನ್ನೂ ನೋಡಬೇಡಿ. ಎಂಜಿನ್ನಿಗೆ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸಿಗುತ್ತಿಲ್ಲ.

ಕಾರಣ ಸರಳ. ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಕೂತಿರುತ್ತದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರ್ ಕರೆಂಟ್ ಬಿಡುವುದಿಲ್ಲ. ಹಾಗಾಗಿ ಎಂಜಿನ್ ಮತ್ತು ಬಾಡಿಯ ನಡುವೆ ಆ ತಾಮ್ರದ ಪಟ್ಟಿ ಬೇಕೇ ಬೇಕು. ಸೆಲ್ಫ್ ಮೋಟರ್ ನೂರು ಆಂಪಿಯರಿಗೂ ಮೇಲೆ ಎಳೆಯುತ್ತದೆ. ಅಷ್ಟೂ ಕರೆಂಟ್ ಈ ಪಟ್ಟಿಯ ಮೂಲಕವೇ ಬ್ಯಾಟರಿಗೆ ಹಿಂತಿರುಗಬೇಕು. ಪಟ್ಟಿಯ ದಾರಿ ಮುಚ್ಚಿದ್ದರೆ ಅದು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿನಿಂದ ಬಾಡಿಗೆ ಲೋಹದ ಸಂಪರ್ಕ ಇನ್ನೆಲ್ಲಿದೆ? ಚೋಕ್ ಕೇಬಲ್ಲಿನಲ್ಲಿ ಇದೆ. ಸ್ಪೀಡೋಮೀಟರ್ ಕೇಬಲ್ಲಿನಲ್ಲಿ, ಆಕ್ಸಿಲರೇಟರಿನ ಕೊಂಡಿಗಳಲ್ಲಿ ಇದೆ. ತೆಳ್ಳಗಿನ ಆ ತಂತಿ ಸೆಲ್ಫಿನ ಕರೆಂಟನ್ನು ಹೊರಲಾರದೆ ಕಾಯುತ್ತದೆ. ಹಾಗೇ ಸೆಲ್ಫ್ ಹೊಡೆಯುತ್ತಾ ಹೋದರೆ ಹೊಗೆ ಬರುತ್ತದೆ. ಕೇಬಲ್ಲಿನ ಇನ್ನೊಂದು ತುದಿ ಇರುವುದು ಕಾರ್ಬ್ಯುರೇಟರ್ ಮೇಲೆ, ಪೆಟ್ರೋಲಿನ ಪಕ್ಕದಲ್ಲಿ. ಆದ್ದರಿಂದ ಕೇಬಲ್ ಬಿಸಿಯಾಗಿದ್ದು ಗೊತ್ತಾದ ಕ್ಷಣವೇ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ.

ನಾನು ಆ ಪಟ್ಟಿಯನ್ನು ವಾಪಸ್ ಹಾಕಿದ್ದೆ. ಬೋಲ್ಟ್ ಗಟ್ಟಿಯಾಗಿಯೂ ಇತ್ತು. ಹಾಗಾಗಿ ಅದರ ಮೇಲೆ ಅನುಮಾನವೇ ಬರಲಿಲ್ಲ. ನಮ್ಮೂರಿನ ಹಳೇ ಆಟೊ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದೆ. ಅವರು ಬಾನೆಟ್ ಎತ್ತಿ ಒಂದು ನಿಮಿಷ ಸುಮ್ನೆ ನೋಡಿದರು. "ಪೇಂಟ್ ಚೆಂದ ಬಂದಿದೆ ಮಾರಾಯ್ರೆ. ಕರೆಂಟ್ ವಾಪಸ್ ಹೋಗ್ಲಿಕ್ಕೆ ದಾರಿ ಎಲ್ಲಿ ಬಿಟ್ಟಿದೀರಿ?" ಎಂದರು.

ಅವರ ಹತ್ತಿರ ಮೀಟರೂ ಇರಲಿಲ್ಲ. ಒಂದು ಜಂಪರ್ ಕೇಬಲ್ ತೆಗೆದು, ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿನಲ್ಲಿ ಪೇಂಟ್ ಇಲ್ಲದ ಒಂದು ಬೋಲ್ಟ್ ತಲೆಗೆ ಕಚ್ಚಿಸಿದರು. "ಈಗ ಹೊಡೀರಿ" ಎಂದರು. ಸೆಲ್ಫ್ ಹಳೇ ಕಾಲದ ಹಾಗೆ ಗಿರ್ರನೆ ತಿರುಗಿತು.

ಇದಕ್ಕಿಂತ ವೇಗದ ಪರೀಕ್ಷೆ ಇಲ್ಲ. ಕೇಬಲ್ ಕಚ್ಚಿಸಿದಾಗ ಸರಿಹೋಯಿತೆಂದರೆ ದೋಷ ಅರ್ತಿನದು. ಸರಿಹೋಗದಿದ್ದರೆ ಮಾತ್ರ ಪಾಸಿಟಿವ್ ಕಡೆಯ ದಪ್ಪ ವೈರ್, ಅದರ ತುದಿಗಳು, ಆಮೇಲೆ ಸೆಲ್ಫ್ ಮೋಟರ್ ನೋಡಬೇಕು.

ಮಲ್ಟಿಮೀಟರ್ ಇದ್ದವರು ಇನ್ನೂ ಖಚಿತವಾಗಿ ಅಳೆಯಬಹುದು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಸ್ಟಾರ್ಟ್ ಆಗದಿರಲೆಂದು ಕೀಯಿಂದ ಕಾಯಿಲ್‌ಗೆ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಮಾಡುವ ಭಾಗ) ಬರುವ ಸಣ್ಣ ವೈರ್ ಕಳಚಿ, ತುದಿಗೆ ಟೇಪ್ ಸುತ್ತಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಕ್ಲ್ಯಾಂಪ್ ಮೇಲಲ್ಲ, ಕಂಬದ ಮೇಲೇ ಇಡಬೇಕು. ಇನ್ನೊಂದು ಎಂಜಿನ್ ಬ್ಲಾಕಿನ ಹೊಳೆಯುವ ಲೋಹದ ಮೇಲೆ. ಈಗ ಇನ್ನೊಬ್ಬರಿಂದ ಐದು ಸೆಕೆಂಡ್ ಸೆಲ್ಫ್ ಹೊಡೆಸಿ. ಮೀಟರ್ 0.2, ಹೆಚ್ಚೆಂದರೆ 0.3 ವೋಲ್ಟ್ ತೋರಿಸಬೇಕು. ನನ್ನದು ಎರಡೂವರೆ ವೋಲ್ಟಿಗೂ ಮೇಲೆ ತೋರಿಸಿತು. ಅಂದರೆ ಹನ್ನೆರಡು ವೋಲ್ಟಿನಲ್ಲಿ ಅಷ್ಟು ಭಾಗ ವಾಪಸ್ ದಾರಿಯಲ್ಲೇ ಸೋರಿ ಹೋಗುತ್ತಿತ್ತು.

ಓಮ್ಸ್‌ನಲ್ಲಿ ಅಳೆದು ಮೋಸ ಹೋಗಬೇಡಿ. ನಾನು ಮೊದಲು ಅದನ್ನೇ ಮಾಡಿದ್ದೆ. ಮೀಟರ್ ಸೊನ್ನೆಯ ಹತ್ತಿರ ತೋರಿಸಿತು, ಎಲ್ಲ ಸರಿಯಿದೆ ಅಂದುಕೊಂಡೆ. ಓಮ್ಸ್ ಅಳೆಯುವಾಗ ಮೀಟರ್ ಬಿಡುವುದು ಎಳ್ಳಷ್ಟು ಕರೆಂಟ್. ಅಷ್ಟಕ್ಕೆ ಪಟ್ಟಿಯ ಒಂದೇ ಎಳೆ ತಾಗಿದ್ದರೂ ಸಾಕು. ನೂರೈವತ್ತು ಆಂಪಿಯರ್ ಹರಿಯುವಾಗ ಲೆಕ್ಕ ಬೇರೆ. ದಾರಿಯಲ್ಲಿ ಓಮಿನ ನೂರನೇ ಒಂದು ಭಾಗ ತಡೆ ಇದ್ದರೂ ಒಂದೂವರೆ ವೋಲ್ಟ್ ಹೋಯಿತು. ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮೀಟರ್ ಓಮ್ಸ್‌ನಲ್ಲಿ ತೋರಿಸುವುದೇ ಇಲ್ಲ.

ಪರಿಹಾರಕ್ಕೆ ಅರ್ಧ ಗಂಟೆ ಸಾಕು. ಪಟ್ಟಿ ಕಳಚಿ, ಅದು ಕೂರುವ ಎರಡೂ ಜಾಗದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ. ಬೋಲ್ಟ್ ಎಳೆಗಳಲ್ಲಿ ಪೇಂಟ್ ಇದ್ದರೆ ಅದನ್ನೂ ತೆಗೆಯಿರಿ. ಪಟ್ಟಿಯ ಕಿವಿ (ಬೋಲ್ಟ್ ತೂತಿರುವ ತುದಿ) ಹಸಿರುಗಟ್ಟಿದ್ದರೆ ಹುಣಸೆಹಣ್ಣು ಹಾಕಿ ದೇವರ ದೀಪ ಉಜ್ಜುವ ಹಾಗೆ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ. ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ. ಎಲ್ಲ ಬಿಗಿಯಾದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ನಮ್ಮ ಮಲೆನಾಡಿನ ತೇವಕ್ಕೆ ಇದು ಬೇಕೇ ಬೇಕು. ನಾನು ಮತ್ತೆ ಅಳೆದಾಗ 0.15 ವೋಲ್ಟ್ ಬಂತು.

ಇಷ್ಟಕ್ಕೇ ನಿಲ್ಲಬೇಡಿ. ಈ ಕಾಲದ ಕಾರಿನಲ್ಲಿ ಪ್ರತಿಯೊಂದು ಬಿಡಿಭಾಗವೂ ತನ್ನ ಮೈಯಿಂದಲೇ ಅರ್ತ್ ತೆಗೆದುಕೊಳ್ಳುತ್ತದೆ. ಹಾರ್ನ್ ಕೂಗುವುದಿಲ್ಲವೇ? ಅದರ ಬ್ರಾಕೆಟ್ ಕೆಳಗೆ ಪೇಂಟ್ ಇದೆಯಾ ನೋಡಿ. ಹೆಡ್‌ಲೈಟ್ ಹಳದಿಯಾಗಿ ಮಿಣುಕುತ್ತದೆಯೇ? ದೀಪದ ಅರ್ತ್ ಸ್ಕ್ರೂ ನೋಡಿ. ಇಂಡಿಕೇಟರ್ ಹಾಕಿದಾಗ ಡ್ಯಾಶ್‌ಬೋರ್ಡಿನ ಮೀಟರ್ ಮುಳ್ಳು ತಾಳಕ್ಕೆ ಸರಿಯಾಗಿ ಕುಣಿದರೆ ಅದೂ ಇದೇ ಜಾತಿಯ ದೋಷ. ಟೆಂಪರೇಚರ್ ಮುಳ್ಳು ಮೇಲೇಳುತ್ತಲೇ ಇಲ್ಲ ಅಂದರೆ ಸೆನ್ಸರಿನ ಎಳೆಗೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದ್ದೀರಾ ಎಂದು ನೋಡಿ. ಅದಕ್ಕೂ ಎಂಜಿನ್ನಿನ ಮೈಯೇ ಅರ್ತ್. ಪೌಡರ್ ಕೋಟಿಂಗ್ ಮಾಡಿಸಿದವರಿಗೆ ಈ ಕಾಟ ಇನ್ನೂ ಜಾಸ್ತಿ. ಆ ಪದರ ದಪ್ಪ, ಬೋಲ್ಟ್ ಬಿಗಿ ಮಾಡಿದರೂ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ.

ಮಳೆ ಹನಿದರೆ ಮಿಸ್ಸಿಂಗ್

ಸೆಲ್ಫ್ ಸರಿಹೋಯಿತು. ಬಿಸಿಲಲ್ಲಿ ಕಾರು ಚೆನ್ನಾಗಿ ಓಡಿತು. ಒಂದು ಸಂಜೆ ಜಿಟಿಜಿಟಿ ಮಳೆ ಶುರುವಾಯಿತು ನೋಡಿ, ನಾಲ್ಕರಲ್ಲಿ ಒಂದು ಸಿಲಿಂಡರ್ ಉರಿಯದೆ (ಇದಕ್ಕೇ ಮಿಸ್ಸಿಂಗ್ ಅನ್ನುವುದು) ಮೂರರಲ್ಲೇ ಕುಂಟುತ್ತಾ ಮನೆ ಸೇರಿತು.

ತೇವದಲ್ಲಿ ಮಾತ್ರ ಬರುವ ಮಿಸ್ಸಿಂಗ್ ಅಂದರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಎಲ್ಲೋ ಅಡ್ಡದಾರಿ ಹಿಡಿದಿದೆ ಎಂದರ್ಥ. ಕಾಯಿಲ್‌ನಿಂದ ಹೊರಡುವುದು ಸಾವಿರಾರು ವೋಲ್ಟ್. ಅದಕ್ಕೆ ಒಂದು ತೆಳ್ಳನೆಯ ಒದ್ದೆ ಗೆರೆ ಸಾಕು.

ಕಂಡುಹಿಡಿಯುವುದು ಕತ್ತಲಲ್ಲಿ. ರಾತ್ರಿ ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರಲಿ, ಲೈಟ್ ಎಲ್ಲ ಆರಿಸಿ ಬಾನೆಟ್ ಎತ್ತಿ. ಇಸ್ತ್ರಿ ಮಾಡುವಾಗ ಬಳಸುವ ಸ್ಪ್ರೇ ಬಾಟಲಿಯಿಂದ ಮಂಜಿನ ಹಾಗೆ ತುಸುವೇ ನೀರನ್ನು, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್, ಪ್ಲಗ್ ವೈರ್‌ಗಳು, ಕಾಯಿಲ್ ತಲೆಯ ಮೇಲೆ ಬಿಡಿ. ಕೈಯನ್ನು ವೈರಿನಿಂದ ದೂರ ಇಡಿ, ತೋಳು ಫ್ಯಾನಿನಿಂದ ದೂರ ಇರಲಿ. ಎಲ್ಲಿ ಸೋರಿಕೆ ಇದೆಯೋ ಅಲ್ಲಿ ನೀಲಿ ಮಿಂಚು ಹರಿದಾಡುತ್ತದೆ. ಕಿವಿಗೊಟ್ಟರೆ ಚಟ್ ಚಟ್ ಸದ್ದೂ ಕೇಳುತ್ತದೆ.

ನನ್ನ ಕಾರಿನಲ್ಲಿ ಮಿಂಚು ಕಂಡದ್ದು ಎರಡು ಕಡೆ. ಒಂದು, ಕ್ಯಾಪಿನ ಮೈಮೇಲೆ. ಯಾವ ವೈರ್ ಯಾವ ಸಿಲಿಂಡರಿನದು ಎಂದು ಮರೆಯದಿರಲು ನಾನು ಪೆನ್ಸಿಲಿನಿಂದ ನಂಬರ್ ಬರೆದು ಗೆರೆ ಎಳೆದಿದ್ದೆ. ಪೆನ್ಸಿಲಿನ ಸೀಸ ಗ್ರಾಫೈಟ್, ಕರೆಂಟ್ ಒಯ್ಯುತ್ತದೆ. ಆ ಗೆರೆಯ ಮೇಲೇ ಕಿಡಿ ಓಡುತ್ತಿತ್ತು. ಗುರುತು ಮಾಡಲು ನೈಲ್ ಪಾಲಿಶ್ ಬಳಸಿ, ಇಲ್ಲವೇ ವೈರಿಗೆ ಕಾಗದದ ಚೀಟಿ ಕಟ್ಟಿ.

ಇನ್ನೊಂದು, ಕಾಯಿಲ್ ತಲೆ. ಪಕ್ಕದ ಭಾಗಕ್ಕೆ ಸಿಲ್ವರ್ ಪೇಂಟ್ ಹೊಡೆಯುವಾಗ ಅದರ ಮಂಜು ಕಾಯಿಲ್‌ನ ಕಪ್ಪು ತಲೆಯ ಮೇಲೂ ಕೂತಿತ್ತು. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಆದರೆ ಅದರಲ್ಲಿರುವುದು ಅಲ್ಯೂಮಿನಿಯಂ ಪುಡಿ. ಅದಕ್ಕೆ ತೇವ ಸೇರಿದರೆ ಕಿಡಿಗೆ ರಾಜಮಾರ್ಗ. ಸ್ಪ್ರೇ ಮಾಡುವ ಮೊದಲು ಕಾಯಿಲ್, ಕ್ಯಾಪ್, ಪ್ಲಗ್ಗಿನ ಬಿಳಿ ಪಿಂಗಾಣಿ ಇವನ್ನೆಲ್ಲ ತೆಗೆದಿಡಿ. ತೆಗೆಯಲು ಆಗದಿದ್ದರೆ ಪ್ಲಾಸ್ಟಿಕ್ ಸುತ್ತಿ.

ಕ್ಯಾಪ್ ಬಿಚ್ಚಿ ಒಳಗೂ ನೋಡಿ. ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ಎರಡು ಹಿತ್ತಾಳೆ ಮೊಳೆಗಳ ನಡುವೆ ಕೂದಲಿನಂಥ ಕಪ್ಪು ಗೆರೆ ಕಾಣಬಹುದು. ಅದು ಕಿಡಿ ಓಡಿ ಸುಟ್ಟ ದಾರಿ. ಹಾಗೆ ಆಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಕ್ಯಾಪ್ ಬದಲಿಸಿ. ಮೂಲ ಕ್ಯಾಪನ್ನು ನೆನಪಿಗೆ ಇಟ್ಟುಕೊಳ್ಳಿ, ಓಡಿಸಲು ಹೊಸದೇ ಬೇಕು. ಮಧ್ಯದ ಸಣ್ಣ ಕಾರ್ಬನ್ ಕಡ್ಡಿ ಸ್ಪ್ರಿಂಗ್ ಸಮೇತ ಇದೆಯಾ ನೋಡಿ. ಒಳಗೆ ಒರೆಸುವಾಗ ಅದು ಬಟ್ಟೆಗೆ ಸಿಕ್ಕಿ ಉದುರುವುದುಂಟು.

ವೈರ್ ಅದಲುಬದಲಾಗಿದ್ದರೆ ಮಳೆಗಾಗಿ ಕಾಯಬೇಕಿಲ್ಲ, ಕಾರ್ಬ್ಯುರೇಟರಿನಿಂದ ಪಟಾರ್ ಎಂದು ಸದ್ದು ಬರುತ್ತದೆ. ಪದ್ಮಿನಿಯ 1089 ಸಿಸಿ ಎಂಜಿನ್ನಿನ ಫೈರಿಂಗ್ ಕ್ರಮ (ಸಿಲಿಂಡರ್‌ಗಳಿಗೆ ಕಿಡಿ ಬರುವ ಸರದಿ) 1-3-4-2. ಪ್ಲಗ್ ಬಿಚ್ಚಿ ಎಂಜಿನ್ ಕೈಯಿಂದ ತಿರುಗಿಸಿ, ಕ್ಯಾಪಿನ ಕೆಳಗಿನ ರೋಟರ್ ಯಾವ ಕಡೆಗೆ ಸುತ್ತುತ್ತದೆ ನೋಡಿಕೊಂಡು ಅದೇ ಕ್ರಮದಲ್ಲಿ ವೈರ್ ಹಾಕಿ.

ಕಂಡೆನ್ಸರ್: ನನ್ನನ್ನು ಜಾಸ್ತಿ ಸತಾಯಿಸಿದ್ದು ಇದೇ

ಮಳೆಯ ತೊಂದರೆ ಮುಗಿದ ಮೇಲೂ ಎಂಜಿನ್ನಿಗೆ ದಮ್ ಇರಲಿಲ್ಲ. ಏರು ಬಂದರೆ ಮುಗ್ಗರಿಸುತ್ತಿತ್ತು. ಹೊಸ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಹಾಕಿದೆ, ಇನ್ನೂರು ಕಿಲೋಮೀಟರಿನೊಳಗೆ ಸುಟ್ಟು ಕಪ್ಪಾಯಿತು. ಇನ್ನೊಂದು ಹಾಕಿದೆ, ಅದೂ ಅಷ್ಟೇ.

ಪಾಯಿಂಟ್ ಬೇಗ ಸುಟ್ಟರೆ, ಅದು ಸುಡದಂತೆ ಕಾಯುವ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ ಎಂದೇ ಹೇಳುತ್ತಾರೆ. ಸರಿ, ಹೊಸ ಕಂಡೆನ್ಸರ್ ತಂದೆ. ಏನೂ ಬದಲಾಗಲಿಲ್ಲ. ಆಮೇಲೆ ಕೂತು ಯೋಚಿಸಿದೆ. ಕಂಡೆನ್ಸರಿಗೆ ಹೊರಗೆ ಕಾಣುವುದು ಒಂದೇ ವೈರ್. ಇನ್ನೊಂದು ತುದಿ ಎಲ್ಲಿ? ಅದರ ಡಬ್ಬಿಯ ಮೈಯೇ ಇನ್ನೊಂದು ತುದಿ. ಅದು ಡಿಸ್ಟ್ರಿಬ್ಯೂಟರಿಗೆ ಸ್ಕ್ರೂ ಆಗುವ ಜಾಗಕ್ಕೆ ನಾನು ಅಂದವಾಗಿ ಪೇಂಟ್ ಬಳಿದಿದ್ದೆ! ಸ್ಕ್ರೂ ಎಳೆ ಅಲ್ಪಸ್ವಲ್ಪ ತಾಗಿ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ಕೆರೆದು ಲೋಹಕ್ಕೆ ಲೋಹ ಕೂರಿಸಿದೆ. ಆಮೇಲೆ ಹಾಕಿದ ಪಾಯಿಂಟ್ ಇವತ್ತಿಗೂ ಇದೆ. ಹಳೇ ಕಂಡೆನ್ಸರೂ ಸರಿಯಾಗೇ ಇತ್ತು, ಅದನ್ನೇ ವಾಪಸ್ ಹಾಕಿದೆ.

ಇದೇ ಹೊತ್ತಿಗೆ ಡಿಸ್ಟ್ರಿಬ್ಯೂಟರ್ ಒಳಗಿನ ತಟ್ಟೆಯನ್ನೂ ನೋಡಿ. ಅಡ್ವಾನ್ಸ್ ಆಗುವಾಗ (ಕಿಡಿ ಸ್ವಲ್ಪ ಬೇಗ ಬರುವಂತೆ ಸರಿಯುವಾಗ) ತಿರುಗುವ ಆ ತಟ್ಟೆಗೆ ಒಂದು ಸಣ್ಣ ಹೆಣೆದ ಅರ್ತ್ ವೈರ್ ಇರುತ್ತದೆ. ಬ್ರಷ್ ಹಾಕಿ ತಿಕ್ಕಿದರೆ ಕಿತ್ತುಹೋಗುತ್ತದೆ. ಅದು ಕಿತ್ತರೆ ಎಂಜಿನ್ ಮನಸ್ಸು ಬಂದ ಹಾಗೆ ಮಿಸ್ ಹೊಡೆಯುತ್ತದೆ, ಹುಡುಕುವವರಿಗೆ ಹುಚ್ಚು ಹಿಡಿಯುತ್ತದೆ. ಪಾಯಿಂಟ್ ಗ್ಯಾಪ್ ಫೀಲರ್ ಗೇಜಿನಲ್ಲಿ 0.4ರಿಂದ 0.5 ಮಿ.ಮೀ. ಒಳಗಿರಲಿ. ಹೊಸ ಪಾಯಿಂಟಿಗೆ ಕಾರ್ಖಾನೆಯಲ್ಲಿ ಸವರಿದ ಎಣ್ಣೆ ಇರುತ್ತದೆ, ಹಾಕುವ ಮೊದಲು ಒರೆಸಿ.

ಕಾಯಿಲ್‌ನ ಎರಡು ಸಣ್ಣ ವೈರ್ ತಿರುಗುಮುರುಗು ಹಾಕಿದರೂ ಕಾರು ಓಡುತ್ತದೆ, ಆದರೆ ಕಿಡಿ ಬಡವಾಗುತ್ತದೆ. ನೆಗೆಟಿವ್ ಅರ್ತ್ ಇರುವ ಕಾರಿನಲ್ಲಿ ಕಾಯಿಲ್‌ನ ಮೈನಸ್ ಗುರುತಿನ ಕಡೆಯಿಂದ ಡಿಸ್ಟ್ರಿಬ್ಯೂಟರಿಗೆ ಹೋಗಬೇಕು, ಪ್ಲಸ್ ಕಡೆಗೆ ಕೀಯಿಂದ ಬರಬೇಕು.

ಪ್ಲಗ್ ಬಗ್ಗೆ ಒಂದು ಮಾತು. ನನ್ನ ಕಾರಿನಲ್ಲಿ ಇನ್ನೂ ಮೈಕೊ ಹೆಸರಿನ ಪ್ಲಗ್‌ಗಳಿದ್ದವು. 1951ರಲ್ಲಿ ಶುರುವಾದ ಆ ಕಂಪನಿಯ ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿತ್ತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಮೇಲೆ ಹಳೇ ಹೆಸರಿರುವ ಪ್ಲಗ್ ಕೈಯಲ್ಲಿ ಹಿಡಿದರೆ ಬಿಸಾಡಲು ಮನಸ್ಸು ಬರುವುದಿಲ್ಲ. ಶುಚಿ ಮಾಡಿ ಡಬ್ಬಿಯಲ್ಲಿಡಿ. ಮರಳು ಹೊಡೆಸಿ ಶುಚಿ ಮಾಡಿದ ಪ್ಲಗ್ಗನ್ನು ಮಾತ್ರ ಎಂಜಿನ್ನಿಗೆ ಹಾಕಬೇಡಿ. ಪಿಂಗಾಣಿ ಮತ್ತು ಕಬ್ಬಿಣದ ನಡುವಿನ ಸಂದಿಯಲ್ಲಿ ಮರಳಿನ ಕಣ ಉಳಿದಿರುತ್ತದೆ, ಅದು ನೇರ ಸಿಲಿಂಡರಿಗೆ ಬೀಳುತ್ತದೆ.

ಐಡ್ಲಿಂಗ್‌ನಲ್ಲಿ ಎಂಜಿನ್ ನಿಂತುಹೋಗುತ್ತದೆ

ಬಿಸಿಯಾದ ಮೇಲೆ, ಆಕ್ಸಿಲರೇಟರ್ ಒತ್ತದೆ ಇರುವಾಗ ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿದು ಕೊನೆಗೆ ನಿಂತುಹೋದರೆ ಎರಡು ಸಾಧ್ಯತೆ. ಗಾಳಿ ಕಳ್ಳದಾರಿಯಲ್ಲಿ ಒಳಗೆ ಬರುತ್ತಿದೆ, ಇಲ್ಲವೇ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಕಟ್ಟಿಕೊಂಡಿದೆ.

ಗಾಳಿಯ ಕಳ್ಳದಾರಿ ಹೆಚ್ಚಾಗಿ ಕಾರ್ಬ್ಯುರೇಟರಿನ ಬುಡದಲ್ಲಿ ಇರುತ್ತದೆ. ಹಳೇ ಗ್ಯಾಸ್ಕೆಟನ್ನೇ ಮತ್ತೆ ಹಾಕಿದರೆ ಸಂದಿ ಉಳಿಯುತ್ತದೆ. ನಟ್‌ಗಳನ್ನು ಶಕ್ತಿಯೆಲ್ಲ ಹಾಕಿ ಬಿಗಿ ಮಾಡಿದರೆ ಬುಡದ ಚಪ್ಪಟೆ ಭಾಗ ಬಾಗುತ್ತದೆ. ಎಂಜಿನ್ ಓಡುವಾಗ ಅದೇ ಸ್ಪ್ರೇ ಬಾಟಲಿಯಿಂದ ಬುಡದ ಸಂದಿಗೆ ಚೂರು ನೀರು ಬಿಡಿ. ಸದ್ದು ಬದಲಾದರೆ ಸೋರಿಕೆ ಅಲ್ಲೇ. ಕೆಲವರು ಇದಕ್ಕೆ ಪೆಟ್ರೋಲ್ ಸಿಂಪಡಿಸುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಅದು ಬೇಡ, ದಯವಿಟ್ಟು ಬೇಡ. ಕಾರ್ಬ್ಯುರೇಟರ್ ಬಿಚ್ಚಿ ಬುಡವನ್ನು ಗಾಜಿನ ಮೇಲಿಟ್ಟರೆ ಬಾಗಿದ್ದು ಗೊತ್ತಾಗುತ್ತದೆ. ಗಾಜಿಗೆ ಎಮರಿ ಪೇಪರ್ ಅಂಟಿಸಿ ನಿಧಾನವಾಗಿ ಉಜ್ಜಿ ಸಮ ಮಾಡಬಹುದು.

ಜೆಟ್‌ಗಳ ವಿಷಯ. ಇವು ಹಿತ್ತಾಳೆ, ತೂತು ಕೂದಲಿನಷ್ಟು ಸಣ್ಣದು. ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಪೆಟ್ರೋಲ್ ಕುಡಿಯುವುದು ನಿಲ್ಲುವುದಿಲ್ಲ. ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಸಿ, ಅಷ್ಟೇ. ಟಯರ್ ಅಂಗಡಿಯವರು ಕೇಳಿದರೆ ಇಲ್ಲ ಅನ್ನುವುದಿಲ್ಲ.

ಇನ್ನೊಂದು ಹೊಸ ಕಾಟವೂ ಇದೆ. 2023ರ ಫೆಬ್ರವರಿಯಲ್ಲಿ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಹಳೇ ರಬ್ಬರ್ ಪೈಪ್ ಅದರಲ್ಲಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಳಗಿನಿಂದ ಪುಡಿ ಉದುರುತ್ತದೆ. ಟ್ಯಾಂಕಿನಲ್ಲಿ ಎಷ್ಟೋ ವರ್ಷದಿಂದ ಅಂಟಿದ್ದ ಗಸಿಯನ್ನೂ ಕರಗಿಸಿ ತಂದು ಜೆಟ್ಟಿಗೆ ತುಂಬುತ್ತದೆ. ಮೂಲ ಬಿಡಿಭಾಗದ ಮೇಲೆ ನನಗೆ ಎಷ್ಟೇ ಆಸೆ ಇದ್ದರೂ ಪೆಟ್ರೋಲ್ ಪೈಪ್ ಮತ್ತು ಪಂಪಿನ ಡಯಾಫ್ರಮ್ (ಒಳಗಿನ ತೆಳು ಪರದೆ) ವಿಷಯದಲ್ಲಿ ರಾಜಿ ಇಲ್ಲ. ಎಥನಾಲ್ ತಡೆಯುವ ಹೊಸ ಪೈಪ್ ಹಾಕಿ. ಬೇಕಾದರೆ ಹಳೇ ಕ್ಲಿಪ್‌ಗಳನ್ನು ಹೊಳಪು ಮಾಡಿ ಅದರ ಮೇಲೆ ಹಾಕಿಕೊಳ್ಳಿ. ಬೆಂಕಿ ಹತ್ತಿದರೆ ಯಾವ ಮೂಲ ಬಿಡಿಭಾಗವೂ ಉಳಿಯುವುದಿಲ್ಲ, ಅಲ್ವಾ?

ಚಾರ್ಜಿಂಗ್ ಮತ್ತು ಬಿಸಿ

ಬ್ಯಾಟರಿ ಚಾರ್ಜ್ ಮಾಡಲು ಹಳೇ ಗಾಡಿಗಳಲ್ಲಿ ಡೈನಮೊ, ಆಮೇಲಿನವುಗಳಲ್ಲಿ ಆಲ್ಟರ್ನೇಟರ್. 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂದ ಮೇಲೂ ಮುಂಬೈನ ಕುರ್ಲಾದ ಕಾರ್ಖಾನೆಯಿಂದ ಈ ಕಾರು ಕಾಲು ಶತಮಾನ ಹೊರಬಂತು, ಒಳಗಿನ ಸಾಮಾನು ಬದಲಾಗುತ್ತಾ ಹೋಯಿತು. ಹಾಗಾಗಿ ಬೇರೆಯವರ ಕಾರಿನ ಫೋಟೊ ನೋಡಿ ವೈರ್ ಹಾಕಬೇಡಿ. ಚಾರ್ಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಪೆಟ್ಟಿಗೆ ಬೇರೆಯಾಗಿ ಬಾನೆಟ್ ಒಳಗಿನ ಗೋಡೆಗೆ ಕೂತಿದ್ದರೆ ಅದಕ್ಕೂ ಮೈಯಿಂದಲೇ ಅರ್ತ್. ಅದರ ಕೆಳಗೆ ಪೇಂಟ್ ಬಂದರೆ ಲಗಾಮು ಬಿಟ್ಟ ಕುದುರೆಯ ಹಾಗೆ ಚಾರ್ಜ್ ಆಗಿ ಬ್ಯಾಟರಿ ನೀರು ಕುದಿಯಬಹುದು. ಎಂಜಿನ್ ಸ್ವಲ್ಪ ಏರಿಸಿ ಬ್ಯಾಟರಿಯ ಮೇಲೆ ಅಳೆಯಿರಿ. 14 ವೋಲ್ಟಿನ ಆಸುಪಾಸು ಇರಬೇಕು. 15 ದಾಟಿದರೆ ಆಫ್ ಮಾಡಿ.

ಎಂಜಿನ್ ಮೊದಲಿಗಿಂತ ಬೇಗ ಕಾಯುತ್ತಿದ್ದರೆ ರೇಡಿಯೇಟರಿಗೆ ಎಷ್ಟು ಪೇಂಟ್ ಹೊಡೆದಿರಿ ಎಂದು ನೆನಪು ಮಾಡಿಕೊಳ್ಳಿ. ತೆಳುವಾದ ಒಂದೇ ಕೈ ಕಪ್ಪು ಸಾಕು. ದಪ್ಪ ಪೇಂಟ್ ಕಂಬಳಿ ಹೊದಿಸಿದ ಹಾಗೆ. ಪ್ರೆಷರ್ ನೀರು ಹೊಡೆದು ರೆಕ್ಕೆಗಳನ್ನು ಮಡಚಿದ್ದರೆ ಒಂದೊಂದನ್ನೇ ನಿಧಾನವಾಗಿ ನೆಟ್ಟಗೆ ಮಾಡಬೇಕು.

ಈ ದೋಷಗಳು ಹುಟ್ಟದ ಹಾಗೆ ಶುಚಿ ಮಾಡುವುದು

ಇನ್ನೂ ಬಿಚ್ಚದೆ ಇರುವವರಿಗೆ ಇದು. ಬ್ಯಾಟರಿ ಮೊದಲು ಕಳಚಿ. ಹೆಪ್ಪುಗಟ್ಟಿದ ಕೊಳೆಯನ್ನು ಮರದ ಚಕ್ಕೆಯಿಂದ ಕೆರೆಯಿರಿ. ಉಳಿದದ್ದಕ್ಕೆ ಡೀಸೆಲ್ ಮತ್ತು ಬ್ರಷ್. ಸೀಮೆಎಣ್ಣೆ ಸಿಕ್ಕರೆ ಅದೂ ಆದೀತು. ಪೆಟ್ರೋಲ್ ಬೇಡ. ಆಮೇಲೆ ಸಾಬೂನು ನೀರು, ಬಟ್ಟೆ. ಪ್ರೆಷರ್ ಪಂಪ್ ಮುಟ್ಟಲೇಬೇಡಿ. ಕೊಳೆ ತೆಗೆಯುವಾಗ ಎಲ್ಲಿ ಎಣ್ಣೆ ಹಸಿಯಾಗಿದೆ ನೋಡಿಕೊಳ್ಳಿ. ಹಸಿ ಇರುವ ಜಾಗವೇ ಈಗ ಸೋರುತ್ತಿರುವ ಜಾಗ. ಎಲ್ಲ ಒರೆಸಿದ ಮೇಲೆ ಆ ಗುರುತು ಸಿಗುವುದಿಲ್ಲ.

ಕಬ್ಬಿಣದ ಬ್ರಾಕೆಟ್, ಬೋಲ್ಟ್‌ಗಳ ತುಕ್ಕಿಗೆ ಸಿಟ್ರಿಕ್ ಆಸಿಡ್ ಒಳ್ಳೆಯದು. ಲೀಟರ್ ನೀರಿಗೆ ಐವತ್ತು ಗ್ರಾಂ, ರಾತ್ರಿ ನೆನೆಸಿ ಬೆಳಿಗ್ಗೆ ಬ್ರಷ್ ಹಾಕಿ, ತಕ್ಷಣ ಸೋಡಾ ಪುಡಿಯ ನೀರಿನಲ್ಲಿ ಅದ್ದಿ ಒಣಗಿಸಿ. ಆದರೆ ಸ್ಪ್ರಿಂಗ್‌ಗಳನ್ನು ಇದರಲ್ಲಿ ಹಾಕಬೇಡಿ. ಗಟ್ಟಿ ಉಕ್ಕು ಆಸಿಡ್ಡಿನಲ್ಲಿ ಬಿದ್ದರೆ ಒಳಗೊಳಗೇ ಪೆಡಸಾಗಿ, ಮುಂದೊಂದು ದಿನ ಟಕ್ಕೆಂದು ಮುರಿಯುತ್ತದೆ. ಆಕ್ಸಿಲರೇಟರ್ ಎಳೆದು ವಾಪಸ್ ತರುವ ಸ್ಪ್ರಿಂಗ್ ಓಡುವಾಗ ಮುರಿದರೆ ಏನಾಗುತ್ತದೆಂದು ಯೋಚಿಸಿ. ಸ್ಪ್ರಿಂಗಿಗೆ ಡೀಸೆಲ್ ಮತ್ತು ಬ್ರಷ್ ಸಾಕು. ಪ್ಲೇಟಿಂಗ್‌ಗೆ ಕೊಡುವಾಗಲೂ ಸ್ಪ್ರಿಂಗ್‌ಗಳನ್ನು ಆರಿಸಿ ಬೇರೆ ತೆಗೆದಿಡಿ.

ಅಲ್ಯೂಮಿನಿಯಂ ಭಾಗಗಳನ್ನು, ಕಾರ್ಬ್ಯುರೇಟರನ್ನು ಕಾಸ್ಟಿಕ್ ಸೋಡಾ ಇರುವ ಕ್ಲೀನರಿನಲ್ಲಿ ಅದ್ದಬೇಡಿ. ನೊರೆ ಉಕ್ಕಿ ಲೋಹವೇ ಕರಗುತ್ತದೆ. ಸೈಲೆನ್ಸರ್ ಪೈಪ್ ಕಡೆಯ ಹಳೇ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ನೀರು ಹಾಕಿ ನೆನೆಸಿ ಎಬ್ಬಿಸಿ, ಮುಖಕ್ಕೆ ಮಾಸ್ಕ್ ಇರಲಿ.

ಪೇಂಟ್ ಮಾಡುವ ಮುನ್ನ ಪ್ರತಿ ಅರ್ತ್ ಜಾಗಕ್ಕೂ, ಬೋಲ್ಟ್ ಕೂರುವ ಪ್ರತಿ ಮುಖಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ. ನಾನು ಈ ಒಂದು ಕೆಲಸ ಬಿಟ್ಟಿದ್ದಕ್ಕೆ ಒಂದೂವರೆ ತಿಂಗಳು ಹೋಯಿತು.

ಎಲ್ಲ ಸರಿಹೋದ ಮೇಲೆ ಕಾರನ್ನು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸಿದೆ. ಹದಿನಾಲ್ಕು ಹೇರ್‌ಪಿನ್ ತಿರುವು, ಮೇಲೆ ಮಂಜು, ಸಣ್ಣ ಮಳೆ. ಒಂದು ಸಲವೂ ಮಿಸ್ ಹೊಡೆಯಲಿಲ್ಲ. ಮೇಲೆ ನಿಲ್ಲಿಸಿ ಬಾನೆಟ್ ಎತ್ತಿ ಚೋಕ್ ಕೇಬಲ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಮನೆಗೆ ಬಂದು, ಎಂಜಿನ್ ಆರಿದ ಮೇಲೆ ಅರ್ತ್ ಪಟ್ಟಿಯ ಬೋಲ್ಟಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿದೆ. ಬಿಸಿ ತಾಗಿ, ಅದುರಿ ಸ್ವಲ್ಪ ಸಡಿಲವಾಗಿತ್ತು, ಕಾಲು ಸುತ್ತು ಬಂತು. ನೀವೂ ಮೊದಲ ನೂರು ಕಿಲೋಮೀಟರ್ ಆದ ಮೇಲೆ ಅದನ್ನೊಮ್ಮೆ ಬಿಗಿ ಮಾಡಿ.